ನಾತದ ಮಡು

ಮತ್ತಿಕೊಪ್ಪದ ಕೇರಿಯವರು ಯಾರ ಅಪ್ಪಣೆಯೂ ಇಲ್ಲದೆ ಕೈ ಅದ್ದಬಹುದಾದ ನೀರು ಒಂದೇ ಇತ್ತು. ಅದು ನಾರುತ್ತಿತ್ತು.

ಹಳಿಯಾಳದಿಂದ ದಾಂಡೇಲಿಗೆ ಹೋಗುವ ರಸ್ತೆ ಬಿಟ್ಟು ಎರಡು ಹರದಾರಿ ಒಳಗೆ ಆ ಊರು. ಊರ ಕೆಳಗೆ ಕೇರಿ. ಕೇರಿಯ ಕೆಳಗೆ, ಅಡವಿ ಸುರುವಾಗುವಲ್ಲಿ, ಕಲ್ಲಿನ ಸಂದಿಯಿಂದ ಬಿಸಿನೀರು ಬರುತ್ತಿತ್ತು. ಕೊಳೆತ ತತ್ತಿಯ ವಾಸನೆ. ಊರವರು ಅದಕ್ಕೆ ನಾತದ ಮಡು ಅನ್ನುತ್ತಿದ್ದರು. ಕೇರಿಯವರು ಮೈ ತೊಳೆದು ತೊಳೆದೇ ಅದು ಹಾಗೆ ನಾರುತ್ತದೆ ಅಂತಲೂ ಅನ್ನುತ್ತಿದ್ದರು. ಆ ಕಡೆ ಊರವರ ದನ ಕೂಡ ಹಾಯುತ್ತಿರಲಿಲ್ಲ.

ದುರ್ಗವ್ವ ಮದುವೆಯಾಗಿ ಬಂದಾಗಿನಿಂದ ಅದೇ ನೀರು ಕುಡಿದವಳು. ಕೊಡ ತುಂಬಿ, ಬಾಯಿ ಮುಚ್ಚದೆ ಒಂದು ರಾತ್ರಿ ಇಟ್ಟರೆ ನಾತ ಹೋಗುತ್ತಿತ್ತು, ನೀರು ತಣಿಯುತ್ತಿತ್ತು. ಹೆತ್ತಾಗ ಮೊದಲ ನೀರು ಹಾಕಿಕೊಂಡದ್ದೂ ಅಲ್ಲೇ. ಊರ ನಡುವೆ ಸಿಹಿನೀರಿನ ಬಾವಿ ಇತ್ತು. ಅಲ್ಲಿ ಕೇರಿಯ ಹೆಂಗಸರು ದೂರ ನಿಂತು, "ಎವ್ವಾ, ಒಂದ ಕೊಡ ಹಾಕ್ರೀ ಎವ್ವಾ" ಅಂತ ಕೂಗಬೇಕು. ಯಾರಿಗಾದರೂ ಮನಸ್ಸಾದರೆ ಮೇಲಿನಿಂದ ಸುರಿಯುತ್ತಿದ್ದರು. ಅರ್ಧ ಕೊಡಕ್ಕೆ, ಅರ್ಧ ಮೈಮೇಲೆ. ದುರ್ಗವ್ವನಿಗೆ ನಿಂತಲ್ಲಿ ನಿಲ್ಲುವ ಸ್ವಭಾವವಿರಲಿಲ್ಲ. ಕಾಯುವುದೆಂದರೆ ಅವಳ ಅಂಗಾಲು ಉರಿಯುತ್ತಿತ್ತು. ಅದಕ್ಕೇ ಅವಳು ಬಾವಿಯ ಕಡೆ ಹೋದದ್ದೇ ಕಡಿಮೆ. ನಾರಿದರೆ ನಾರಲಿ, ಮಡುವಿನ ನೀರಿಗೆ ಬಾಯಿ ಇರಲಿಲ್ಲ, ಬಯ್ಯುತ್ತಿರಲಿಲ್ಲ.

ಅರವತ್ತೇಳರ ಶಿವರಾತ್ರಿಯ ಹೊತ್ತಿಗೆ ಅಲ್ಲಿಗೆ ಒಂದು ಜೀಪು ಬಂತು. ದುರ್ಗವ್ವ ಸೊಂಟದ ಮಟ್ಟ ನೀರಿನಲ್ಲಿ ನಿಂತು ಅರಿವೆ ಒಗೆಯುತ್ತಿದ್ದಳು. ಟೊಪ್ಪಿಗೆ ಹಾಕಿದ ಸಾಹೇಬನೊಬ್ಬ ಇಳಿದು, ಜ್ವರ ನೋಡುವಂಥ ಗಾಜಿನ ಕಡ್ಡಿಯನ್ನು ನೀರಿಗೆ ಅದ್ದಿ, ಎತ್ತಿ ನೋಡಿ, ಪುಸ್ತಕದಲ್ಲಿ ಬರೆದುಕೊಂಡ. ಅವಳ ಕಡೆ ನೋಡಿ, "ಸ್ವಲ್ಪ ಆಚೆ ಸರಿಯಮ್ಮ, ನೀರು ಕಲಕುತ್ತೆ" ಅಂದ. ಅವಳು ಸರಿದಳು.

ವಾರದಲ್ಲಿ ಲಾರಿ ಬಂತು. ಕಬ್ಬಿಣದ ಮೂರು ಕಾಲಿನ ಅಟ್ಟ, ಡೀಸೆಲ್ ಇಂಜಿನ್ನು, ರಾಶಿ ಕೊಳವೆ. ನೆಲ ಕೊರೆಯುವುದಕ್ಕೆ ಮೊದಲು ಮಡುವಿನ ನೀರು ಹೊರಹಾಕಿ, ಕೆಸರು ತೆಗೆದು, ನೀರಿನ ಬಾಯಿ ಎಲ್ಲಿದೆ ಅಂತ ಹುಡುಕಬೇಕು. ಆ ಕೆಲಸಕ್ಕೆ ಕೇರಿಯ ಆಳು ಬೇಕಾಯಿತು. ಗಂಡಸರು ಗುಂಡಿಯಲ್ಲಿ ಸಲಿಕೆ ಹಿಡಿದರು. ಹೆಂಗಸರು ಬುಟ್ಟಿ ಹೊತ್ತರು. ಬಿಸಿ ಕೆಸರು ಬುಟ್ಟಿಯ ಸಂದಿಯಿಂದ ಸೋರಿ ಹಣೆ, ಕಣ್ಣು, ಬಾಯಿ ಸೇರುತ್ತಿತ್ತು. ನೆತ್ತಿಯ ಚರ್ಮ ಬೆಂದು ಕೂದಲು ಉದುರುತ್ತಿತ್ತು. ಸಂಜೆ ಮುಂದೆ ದುರ್ಗವ್ವನ ಕುತ್ತಿಗೆ ಯಾವ ಕಡೆಗೂ ತಿರುಗುತ್ತಿರಲಿಲ್ಲ.

ಇಂಜಿನ್ನು ನೋಡಿಕೊಳ್ಳುವವನು ದಾಂಡೇಲಿಯ ಮಿಸ್ತ್ರಿ ಬಾಬಾಜಾನ. ಕೆಲಸದವರ ಜೊತೆಯಲ್ಲೇ ಕೂತು ರೊಟ್ಟಿ ತಿನ್ನುತ್ತಿದ್ದವನು ಅವನೊಬ್ಬನೇ. ಒಂದು ಮಧ್ಯಾಹ್ನ ದುರ್ಗವ್ವ ಕೇಳಿಯೇಬಿಟ್ಟಳು.

"ಅಲ್ಲೋ ಮಿಸ್ತ್ರಿ ಅಣ್ಣಾ, ಈ ನಾರೂ ನೀರಿನ ಮ್ಯಾಲೆ ಸರಕಾರದ ಕಣ್ಣು ಯಾಕ ಬಿತ್ತು?"

"ಕರೆಂಟ್ ಮಾಡಾಕ, ಅಕ್ಕಾ."

ಅವಳು ನಕ್ಕಳು. "ನೀರಾಗ ಕರೆಂಟ್ ಮಾಡ್ತಾರ?"

"ನಗಬ್ಯಾಡ, ಕೇಳಿಲ್ಲೆ. ಸಾಹೇಬ್ರು ಹೇಳಿದ್ದು. ಭೂಮಿಯೊಳಗ ಆಳಕ್ಕ ಹೋದಂಗ ಕಾವು ಹೆಚ್ಚು. ಭಾಳ ಆಳದಾಗ ಕಲ್ಲು ಕೆಂಡದಂಗ ಕಾದಿರ್ತಾವ. ಮಳಿ ನೀರು ಬಿರುಕಿನ್ಯಾಗ ಇಳಿದು ಅಲ್ಲಿತನಕ ಹೋಗಿ ಕಾಯ್ತೈತಿ. ಆದ್ರ ಮ್ಯಾಲೆ ಅಷ್ಟು ನೀರು ಒತ್ತಿ ಹಿಡಿದಿರ್ತೈತಲ್ಲ, ಅದಕ್ಕ ಎಷ್ಟು ಕಾದ್ರೂ ಕುದಿಯಾಂಗಿಲ್ಲ. ನಾವು ಕೊಳವಿ ಇಳಿಸಿ ದಾರಿ ಮಾಡಿಕೊಟ್ರ ಮ್ಯಾಲೆ ನುಗ್ಗತೈತಿ. ಒತ್ತಡ ಕಡಿಮಿ ಆದಕೂಡ್ಲೆ ಭುಸ್ ಅಂತ ಉಗಿ ಆಕ್ಕೈತಿ."

"ಆಮ್ಯಾಲೆ?"

"ಆ ಉಗೀನ ಒಂದು ದೊಡ್ಡ ಗಾಲಿಗೆ ಬಿಡ್ತಾರ. ಗಾಲಿ ಸುತ್ತ ಉಕ್ಕಿನ ರೆಕ್ಕಿ ಇರ್ತಾವ. ಟರ್ಬೈನ್ ಅಂತಾರ ಅದಕ್ಕ. ಉಗಿ ಬಡದು ರೆಕ್ಕಿ ತಿರುಗ್ತಾವ. ಅದರ ಅಚ್ಚಿಗೆ ಇನ್ನೊಂದು ಯಂತ್ರ ಕೂಡಿಸಿರ್ತಾರ. ಒಳಗ ಅಯಸ್ಕಾಂತ, ಸುತ್ತಲೂ ತಾಮ್ರದ ತಂತಿ. ಅಯಸ್ಕಾಂತ ತಿರುಗಿದ್ರ ತಂತಿಯೊಳಗ ಕರೆಂಟ್ ಹುಟ್ಟತೈತಿ. ಇಟಲಿ ಅಂಬೋ ದೇಶದಾಗ ಐವತ್ತು ವರ್ಷದಿಂದ ಹಿಂಗ ಮಾಡಾಕತ್ಯಾರಂತ. ನ್ಯೂಜಿಲೆಂಡಿನ್ಯಾಗ ಮೊನ್ನಿ ಮೊನ್ನಿ ದೊಡ್ಡದು ಕಟ್ಯಾರಂತ." ಬಾಬಾಜಾನ ಅಂಗಿಯ ಗುಂಡಿ ಬಿಚ್ಚಿ ತೋರಿಸಿದ. ಎದೆಯ ಮೇಲೆ ಸುಟ್ಟ ಕಲೆ. "ನಾನು ಕಟಗಿ ಮಿಲ್ಲಿನ್ಯಾಗ ಬಾಯ್ಲರಿಗೆ ಉರಿ ಹಾಕಿದಾಂವ. ಇದಕ್ಕ ಉರಿ ಹಾಕೂದು ಬ್ಯಾಡ. ಒಲಿ ಭೂಮಿಯೊಳಗೇ ಐತಿ."

"ಗಾಲಿ ತಿರುಗಿಸಿದ ಉಗಿ ಎಲ್ಲಿ ಹೋಗ್ತೈತಿ?"

"ತಣ್ಣಗ ಮಾಡಿದ್ರ ಮತ್ತ ನೀರಾಕ್ಕೈತಿ. ಹಳ್ಳಕ್ಕ ಬಿಡ್ತಾರ."

"ಆ ನೀರು ಯಾರಿಗೆ?"

ಬಾಬಾಜಾನ ಅಂಗಿಯ ಗುಂಡಿ ಹಾಕಿಕೊಂಡ. "ಅದನ್ನ ಸಾಹೇಬ್ರು ಹೇಳಲಿಲ್ಲ" ಅಂದ.

ಕರೆಂಟಿನ ಸುದ್ದಿ ಈಶಪ್ಪಗೌಡನ ಕಿವಿಗೆ ಬೀಳಲು ಎರಡು ದಿನ ಹಿಡಿಯಲಿಲ್ಲ. ಊರ ಗೌಡ. ದುರ್ಗವ್ವನ ಗಂಡ ಸಾತಪ್ಪ ಅವನ ಮನೆಯ ಆಳು, ಸಾತಪ್ಪನ ಅಪ್ಪನೂ ಅಲ್ಲೇ ಆಳಾಗಿದ್ದವನು. ಹುಟ್ಟಿದಾಗಿನಿಂದ ಮೂಗು ಮುಚ್ಚಿಕೊಂಡು ಮಡುವಿನ ಪಕ್ಕ ಹಾಯ್ದುಹೋದ ಗೌಡ ಅವತ್ತು ಮೂಗು ಬಿಟ್ಟು ಬಂದ. ಸಾಹೇಬನಿಗೆ ಎಳನೀರು ಕೊಟ್ಟ. ಮರುದಿನ ಪೂಜಾರಿ ಬಂದು ನೀರಿನ ಬಾಯಿಯ ಹತ್ತಿರ ಒಂದು ಕಲ್ಲು ನೆಟ್ಟು ಕುಂಕುಮ ಬಳಿದ. ಅದು ತೀರ್ಥವಾಯಿತು. ಅಜ್ಜನ ಕಾಲದಿಂದ ತೀರ್ಥವಾಗಿತ್ತು ಅಂತ ಗೌಡ ಸಾಹೇಬನಿಗೆ ಹೇಳಿದ. ಸಾಹೇಬ ಬರೆದುಕೊಂಡ.

ಗುಂಡಿಯೊಳಗಿದ್ದ ಕೆಲಸದವರನ್ನು ನೋಡಿ ಗೌಡ ಮೇಲಿನಿಂದ ಕೂಗಿದ.

"ಕೇಳ್ರಿಲ್ಲೆ! ಇವತ್ತಿನಿಂದ ಈ ನೀರು ಯಾರೂ ಮನಿಗೆ ಒಯ್ಯಂಗಿಲ್ಲ. ಮೈ ತೊಳೆಯಂಗಿಲ್ಲ. ಮುಟ್ಟಂಗಿಲ್ಲ."

ದುರ್ಗವ್ವ ತಲೆಯ ಮೇಲಿನ ಬುಟ್ಟಿ ಇಳಿಸದೆ ಕೇಳಿದಳು. "ಮುಟ್ಟದಽ ಒಳಗ ಹೆಂಗ ಇಳೀಬೇಕ್ರಿ, ಗೌಡ್ರ? ತೊಡೀತನಕ ನೀರೈತಿ."

"ಏ ದುರ್ಗಿ, ನಾಲಿಗಿ ಉದ್ದ ಮಾಡಬ್ಯಾಡ. ದುಡಿಯೂದು ಬ್ಯಾರೆ, ಬಳಸೂದು ಬ್ಯಾರೆ."

ಸಲಿಕೆಗಳು ಮತ್ತೆ ಏಳಲು ಬೀಳಲು ಹತ್ತಿದವು. ದಿನವಿಡೀ ಆ ನೀರಿನಲ್ಲಿ ಬೇಯುತ್ತಿದ್ದರು. ಸಂಜೆ ಮೈಮೇಲಿನ ಕೆಸರು ಒಣಗಿಸಿಕೊಂಡು ಮನೆಗೆ ಹೋಗುತ್ತಿದ್ದರು. ಅವರು ಎದ್ದುಹೋದ ಮೇಲೆ ಪೂಜಾರಿ ಗೋಮೂತ್ರ ಚಿಮುಕಿಸುತ್ತಿದ್ದ. ಸುತ್ತ ಮುಳ್ಳಿನ ಬೇಲಿ ಬಂತು. ಬೇಲಿ ಹಚ್ಚಿದವನು ಸಾತಪ್ಪ. ಗೌಡ ಹೇಳಿದ್ದ, ಅವನು ಹಚ್ಚಿದ.

"ನಿನಗ ನಾಚಿಕಿ ಬರಲಿಲ್ಲೇನು?" ಅಂತ ಕೇಳಿದಳು ದುರ್ಗವ್ವ.

"ಬಂತು" ಅಂದ ಸಾತಪ್ಪ. "ಬಂದ್ರ ಏನ್ ಮಾಡ್ಲಿ?"

ಕೊರೆತ ಸುರುವಾಗಿ ಇಪ್ಪತ್ತನೇ ದಿನಕ್ಕೆ ಕೊಳವೆ ಇನ್ನೂರು ಅಡಿ ದಾಟಿತ್ತು. ಗೌಡ ತೆಂಗಿನಕಾಯಿ ಹಿಡಿದು ದಿನಾ ಬಂದು ನಿಲ್ಲುತ್ತಿದ್ದ. ಅವತ್ತು ನೆಲ ಗುಡುಗಿದ ಹಾಗಾಯಿತು. ಇಂಜಿನ್ನು ಒದ್ದಾಡಿತು. ಕೊಳವೆಯ ಬಾಯಿಂದ ಬಿಸಿನೀರು, ರಾಡಿ ಒಂದಾಳೆತ್ತರ ಚಿಮ್ಮಿತು. ದುರ್ಗವ್ವ ಬುಟ್ಟಿ ಹೊತ್ತು ಅಟ್ಟದ ಪಕ್ಕದಲ್ಲೇ ಹಾಯುತ್ತಿದ್ದಳು. ಎಡಗೈ ಮೊಣಕೈಯಿಂದ ಬೆರಳತನಕ ಬೆಂದಿತು. ಬುಟ್ಟಿ ಬಿತ್ತು. ಅವಳು ಕೂತಲ್ಲೇ ಕುಸಿದಳು. "ಉಗಿ ಬಂತು! ಉಗಿ ಬಂತು!" ಅಂತ ಗೌಡ ಕಾಯಿ ಒಡೆದ.

"ತಣ್ಣೀರು ತರ್ರಿ! ತಣ್ಣೀರು!" ಬಾಬಾಜಾನ ಕೂಗುತ್ತ ಓಡಿಬಂದ.

ಅಲ್ಲಿ ತಣ್ಣೀರು ಇದ್ದದ್ದು ಎರಡೇ ಹಿತ್ತಾಳೆ ಕೊಡದಲ್ಲಿ. ಪೂಜೆಗೆ, ಸಾಹೇಬನಿಗೆ ಅಂತ ಊರ ಬಾವಿಯಿಂದ ತಂದದ್ದು. ಗೌಡನ ಮಂದಿ ಕೊಡ ಎತ್ತಿ ಹಿಂದೆ ಇಟ್ಟುಕೊಂಡರು. ಬಾಬಾಜಾನ ಒಂದನ್ನು ಕಸಿದುಕೊಂಡು ತಂದು ಅವಳ ತೋಳಿನ ಮೇಲೆ ಸುರಿದ. ಅಷ್ಟೂ ಸುರಿದ.

"ಏ ಸಾಬಾ! ಪೂಜಿ ಕೊಡಕ್ಕ ಕೈ ಹಚ್ಚತಿಯಾ? ಅದೂ ಇಕಿ ಮ್ಯಾಲೆ ಸುರವಾಕ?"

"ಹೌದ್ರಿ, ಹಚ್ಚಿದೆ. ತೊಗಲು ಕಿತ್ತು ಬರಾಕತ್ತೈತಿ, ಕಣ್ಣಿಗೆ ಕಾಣಸಾಂಗಿಲ್ಲೇನ್ರಿ?"

ಗೌಡ ಸಾಹೇಬನ ಕಡೆ ತಿರುಗಿದ. ಸಾಹೇಬ ಗಾಜಿನ ಕಡ್ಡಿ ನೋಡುತ್ತಿದ್ದ. ಅದನ್ನು ಬಿಟ್ಟು ಬೇರೇನೂ ನೋಡಲಿಲ್ಲ. "ಐವತ್ತೆಂಟು" ಅಂದ. ಸ್ವಲ್ಪ ಹೊತ್ತಿಗೆ ಚಿಮ್ಮುವುದು ಇಳಿಯಿತು. ಮತ್ತೆ ಅಳೆದ. ಮತ್ತೆ ಐವತ್ತೆಂಟು. ನೀರು ಕುದಿಯಲು ನೂರು ಡಿಗ್ರಿ ಬೇಕು. ಗಾಲಿ ತಿರುಗಿಸುವ ಉಗಿ ಬೇಕಾದರೆ ಭೂಮಿಯೊಳಗೆ ಅದಕ್ಕಿಂತ ಎಷ್ಟೋ ಹೆಚ್ಚಿನ ಕಾವಿರಬೇಕು. ಇಲ್ಲಿರಲಿಲ್ಲ. ಆಗ ಕಂಡದ್ದು ಕುದಿದ ಉಗಿಯಲ್ಲ, ಬಿಸಿನೀರಿನ ಮೇಲೆ ಏಳುವ ಬರೀ ಹಬೆ.

ನಾಲ್ಕು ದಿನದಲ್ಲಿ ಅಟ್ಟ ಬಿಚ್ಚಿದರು. ದುರ್ಗವ್ವ ತೋಳಿಗೆ ಅರಿವೆ ಸುತ್ತಿಕೊಂಡು ಸಾಹೇಬನ ಮೇಜಿನ ಮುಂದೆ ಹೋಗಿ ನಿಂತಳು.

"ನೋಡಮ್ಮ, ಈ ಬಿಸಿ ಸಾಲದು. ಸರಕಾರ ಇದನ್ನ ಕೈಬಿಡುತ್ತೆ."

"ಅದು ಗೊತ್ತಾತ್ರಿ. ನಿಮ್ಮ ಪುಸ್ತಕದಾಗ ಈ ಮಡು ಯಾರದಂತ ಬರದೀರಿ?"

ಸಾಹೇಬ ಪುಸ್ತಕ ತೆರೆದ. ಇಂಗ್ಲಿಷಿನಲ್ಲಿದ್ದುದನ್ನು ಕನ್ನಡದಲ್ಲಿ ಹೇಳಿದ. "ಈ ಚಿಲುಮೆಯನ್ನು ಗ್ರಾಮಸ್ಥರು ಪುರಾತನ ಕಾಲದಿಂದ ತೀರ್ಥವೆಂದು ಪೂಜಿಸುತ್ತಾರೆ, ಅಂತ ಇದೆ."

"ನೀವು ಬಂದ ದಿನ ನೀರಾಗ ಯಾರಿದ್ರು? ನಾನಿದ್ದೆ. ಆಚೆ ಸರಿ ಅಂದ್ರಿ, ಸರದೆ. ಪೂಜಿ ಮಾಡಾವ್ರು ಒಬ್ರಾರ ಇದ್ರೇನು? ಕಣ್ಣಿಲೆ ಕಂಡದ್ದು ಬರೀರಿ. ಕೇರಿಯವ್ರು ಈ ನೀರು ಕುಡಿತಾರಂತ ಬರೀರಿ."

"ಅದೆಲ್ಲ ವರದಿಗೆ ಬರೋದಿಲ್ಲಮ್ಮ. ಊರಿನ ಜಗಳ ಊರಲ್ಲೇ ಬಗೆಹರಿಸ್ಕೊಳ್ಳಿ."

ಪುಸ್ತಕ ಮುಚ್ಚಿದ. ಜೀಪು ಹೋಯಿತು. ಲಾರಿ ಹತ್ತುವಾಗ ಬಾಬಾಜಾನ ಅಂದ: "ಅಕ್ಕಾ, ಹಿಂಗ ಬಿಡಬ್ಯಾಡ್ರಿ. ಮುಟ್ಟಬ್ಯಾಡ ಅನ್ನಾವ್ರಿಗೆ ಶಿಕ್ಷಾ ಐತಿ. ಕಾಯ್ದೆ ಐತಿ."

"ಕಾಯ್ದೆ ಬಂದು ಕೊಡಕ್ಕ ನೀರು ಹಾಕ್ತೈತೇನೋ, ಅಣ್ಣಾ?"

ಕರೆಂಟು ಬರಲಿಲ್ಲ. ಆದರೆ ಬೇಲಿ ಉಳಿಯಿತು, ಕಲ್ಲು ಉಳಿಯಿತು. ಸೋಮವಾರಕ್ಕೊಮ್ಮೆ ಪೂಜೆ ಕಾಯಂ ಆಯಿತು.

ಬೇಸಗೆ ಏರಿತು. ಬೇಲಿ ಬಿದ್ದ ಮೇಲೆ ಕೇರಿಯವರು ದೂರದಿಂದ ಹೊತ್ತು ತರುತ್ತಿದ್ದ ಅಡವಿಯ ಹಳ್ಳವೂ ಬತ್ತಿತು. ದುರ್ಗವ್ವನ ಮಗಳು ಮಾಲವ್ವ ಚೊಚ್ಚಲ ಬಾಣಂತನಕ್ಕೆ ಬಂದವಳು ಹೆಣ್ಣು ಹಡೆದಳು. ಬಾಣಂತಿಗೆ ನೀರು ಬೇಕು, ಕೂಸಿನ ಅರಿವೆಗೆ ನೀರು ಬೇಕು. ಮೂವತ್ತು ಮನೆಯ ಕೇರಿ ಊರ ಬಾವಿಯ ಹತ್ತಿರ ಕೊಡ ಇಟ್ಟುಕೊಂಡು ಸಾಲಾಗಿ ಕೂತಿತು. ಹಾಕುವವರು ತಮ್ಮದೇ ತಳ ಕಾಣುತ್ತಿದೆ ಅಂತ ಕೈ ಬಿಗಿ ಹಿಡಿದರು. ದುರ್ಗವ್ವ ಕೂತಳು, ಎದ್ದಳು, ಮತ್ತೆ ಕೂತಳು. ಬೆಂದ ತೋಳು ಬಿಸಿಲಿಗೆ ಚುರುಗುಡುತ್ತಿತ್ತು. ಎರಡು ದಿನದಲ್ಲಿ ಅವಳಿಗೆ ಸಿಕ್ಕದ್ದು ಎರಡೇ ಕೊಡ.

ಮೂರನೇ ದಿನ ಸೋಮವಾರ. ಮುಂಜಾನೆಯಿಂದ ಬಾವಿಗೆ ಯಾರೂ ಬರಲಿಲ್ಲ. ಊರೆಲ್ಲ ತೀರ್ಥದ ಪೂಜೆಗೆ ಹೋಗಿತ್ತು. ಸೂರ್ಯ ನೆತ್ತಿಗೆ ಬಂದ. ದುರ್ಗವ್ವ ಎದ್ದು ಕೊಡ ಸೊಂಟಕ್ಕೇರಿಸಿದಳು.

"ಎಲ್ಲಿಗೆ?" ಅಂದಳು ಪಕ್ಕದ ಮನೆಯ ಶಿವವ್ವ.

"ನೀರಿಗೆ."

ಹಿಂದೆ ಯಾರು ಬಂದರು, ಎಷ್ಟು ಮಂದಿ ಬಂದರು ಅಂತ ಅವಳು ತಿರುಗಿ ನೋಡಲಿಲ್ಲ. ಕಾಲಿನ ಸಪ್ಪಳ ಕೇಳಿಸುತ್ತಿತ್ತು.

ಬೇಲಿಯ ಬಾಯಲ್ಲಿ ಸಾತಪ್ಪ ಕವಲುಗೋಲು ಹಿಡಿದು ಕಾವಲು ನಿಂತಿದ್ದ. ಒಳಗೆ ಗಂಟೆ ಬಾರಿಸುತ್ತಿತ್ತು. ಹೆಂಡತಿಯನ್ನು ನೋಡಿ ಅವನ ಮುಖ ಬಿಳಿಚಿತು.

"ಮನಿಗೆ ಹೋಗ. ಗೌಡ್ರು ನೋಡಾಕತ್ಯಾರ."

"ಮನ್ಯಾಗ ನಿನ್ನ ಮಗಳ ತುಟಿ ಒಡದಾವ. ಎದಿಹಾಲು ಇಳಿವಲ್ದು. ಕೂಸು ಹೇಸಿಗ್ಯಾಗ ಬಿದ್ದೈತಿ. ನೋಡಿ ಬಾ ಹೋಗ. ನಾ ಇಲ್ಲೆ ನಿಂತಿರ್ತೇನಿ."

ಸಾತಪ್ಪ ಅಲ್ಲಾಡಲಿಲ್ಲ. ಒಳಗಿನಿಂದ ಗೌಡ ಕಿರುಚಿದ. "ಏ ಸಾತ್ಯಾ! ಏನ್ ನೋಡ್ತಿ? ಹಾಕ ನೆತ್ತಿ ಮ್ಯಾಲೆ ಒಂದು!"

ಸಾತಪ್ಪ ಕೋಲೆತ್ತಿದ. ದುರ್ಗವ್ವ ಕಣ್ಣು ಮುಚ್ಚಲಿಲ್ಲ. ಅವನು ಕೋಲಿನ ಕವಲನ್ನು ಮುಳ್ಳಿನ ಕಂಟಿಗೆ ಸಿಕ್ಕಿಸಿದ. ಎತ್ತಿದ. ಪಕ್ಕಕ್ಕೆ ಒಗೆದ. ಇನ್ನೊಂದು ಕಂಟಿ. ಇನ್ನೊಂದು.

ಹೆಂಗಸರು ನುಗ್ಗಿದರು. ದುರ್ಗವ್ವ ಸೀದಾ ಹೋಗಿ ನೀರಿನ ಬಾಯಿಗೇ ಕೊಡ ಹಿಡಿದಳು. ಪೂಜಾರಿ ಗಂಟೆ ಬಿಟ್ಟು ಹಾರಿ ದೂರ ನಿಂತ. ಮಡಿಯುಟ್ಟವರು ಒಬ್ಬರನ್ನೊಬ್ಬರು ತುಳಿದುಕೊಂಡು ದಂಡೆ ಹತ್ತಿದರು. ಯಾರೋ ಕಲ್ಲೆಸೆದರು. ಶಿವವ್ವನ ಕೊಡ ಒಡೆಯಿತು. ಅವಳು ನೀರು ಒಯ್ಯಲು ಸೆರಗು ತೋಯಿಸಿಕೊಂಡಳು.

ಗೌಡ ಬಡಿದಾಡಲಿಲ್ಲ. ಪೂಜಾರಿಗೆ ಹೇಳಿ ಕಲ್ಲು ಕೀಳಿಸಿದ. "ಹಾಳಾತು. ಇನ್ನ ಇದರಾಗ ಏನೈತಿ? ಇಟಗೋರಿ. ನಾರೂ ನೀರು ನಾರೂ ಮಂದಿಗೇ ತಕ್ಕದ್ದು." ಸಾತಪ್ಪನಿಗೆ ಬೆರಳು ತೋರಿಸಿ, "ನಾಳಿಂದ ನನ್ನ ಮನಿ ಹೊಸ್ತಿಲ ಹತ್ರ ಕಂಡ್ರ ಕಾಲು ಮುರೀತೇನಿ" ಅಂದು ಹೋದ.

ಕೇರಿಯಲ್ಲಿ ಅವತ್ತು ಹಬ್ಬ. ಎಲ್ಲರೂ ಮಿಂದರು. ಮಾಲವ್ವನಿಗೆ ಬಿಸಿನೀರು ಹಾಕಿದರು. ಕೂಸು ಮಲಗಿತು. ದುರ್ಗವ್ವ ಮಾತ್ರ ರೊಟ್ಟಿ ಮುಟ್ಟದೆ ಎದ್ದಳು. ಒಳಗೆ ಹೋದಳು, ಹೊರಗೆ ಬಂದಳು. ಕೂಡಲಾರಳು.

"ಗೆದ್ದೀವಿ, ಇನ್ನೇನವಾ ನಿನಗ?" ಅಂದಳು ಶಿವವ್ವ.

"ಏನ್ ಗೆದ್ದೀವಿ? ನಮ್ಮ ಕೈ ಹತ್ತೇತಂತ ಉಗುಳಿ ಹ್ವಾದ್ರು. ಉಗುಳಿದ್ದನ್ನ ನಾವು ಬಾಚಿಕೊಂಡೀವಿ. ನಾಳಿ ಇದರಾಗ ಬಂಗಾರ ಸಿಗತೈತಿ ಅಂದ್ರ ಮತ್ತ ಬೇಲಿ ಹಚ್ಚತಾರ."

ಮರುದಿನ ಬೆಳಕು ಹರಿದಾಗ ಅವಳ ಹೆಗಲ ಮೇಲೆ ಹಗ್ಗವಿತ್ತು. ಮಡುವಿನ ದಾರಿ ಹಿಡಿಯದೆ ಮೇಲಕ್ಕೆ ನಡೆದಳು. ಊರ ನಡುವಿನ ಬಾವಿಗೆ. ನೀರು ಸೇದುತ್ತಿದ್ದ ಹೆಂಗಸರು ಅವಳು ಕಟ್ಟೆ ಹತ್ತುವುದನ್ನು ನೋಡಿ ಮೊದಲು ನಂಬಲಿಲ್ಲ. ಆಮೇಲೆ ಚೀರಿ ಓಡಿದರು. ದುರ್ಗವ್ವ ಗಡಗಡೆಗೆ ಹಗ್ಗ ಹಾಕಿ ಕೊಡ ಬಿಟ್ಟಳು. ಹುಟ್ಟಿ ನಲವತ್ತೆರಡು ವರ್ಷಕ್ಕೆ ಮೊದಲ ಸಲ ಸಿಹಿನೀರಿನ ಬಾವಿಯ ಒಳಗೆ ಇಣುಕಿದಳು. ಆಳವಿತ್ತು. ತಂಪಾಗಿತ್ತು. ಒಂದು ಕೊಡ ಸೇದಿದಳು. ಬೊಗಸೆಯಲ್ಲಿ ಕುಡಿದಳು.

ಗಂಡಸರು ಬಡಿಗೆ ತಂದರು. ಹಗ್ಗ ಕಡಿದರು. ಮುಟ್ಟಲು ಆಗದವರು ದೂರದಿಂದಲೇ ಬಡಿಗೆಯ ತುದಿಯಿಂದ ತಿವಿದರು. ಬೆನ್ನಿಗೆ ಬಿತ್ತು, ಬೆಂದ ತೋಳಿಗೆ ಬಿತ್ತು, ಹುಬ್ಬು ಒಡೆಯಿತು. ಅವಳು ಗಡಗಡೆಯ ಕಂಬ ಅಪ್ಪಿ ಕೂತಳು. ಒಬ್ಬ ಕಲ್ಲೆಸೆದ. ಅದು ಬಾವಿಯೊಳಗೆ ಬಿತ್ತು. ಅವರ ಮುದುಕರೇ ಬೈದರು: "ಕುಡಿಯೂ ನೀರಿಗೆ ಕಲ್ಲು ಹಾಕ್ತೀರಿ, ಹುಚ್ಚ ಹಿಡದೈತೇನು?" ಅಷ್ಟರಲ್ಲಿ ಕೇರಿಯವರೆಲ್ಲ ಬಂದಿದ್ದರು. ಶಿವವ್ವ ಕಟ್ಟೆ ಹತ್ತಿದಳು. ಸಾತಪ್ಪ ಹತ್ತಿದ. ಇನ್ನೂ ಹತ್ತು ಮಂದಿ ಹತ್ತಿದರು.

"ಕೂಡ್ರಲಿ ಬಿಡು. ಹೊಟ್ಟಿ ಹಸದ್ರ ಎದ್ದು ಹೋಗ್ತಾರ" ಅಂದ ಗೌಡ.

ಅವರು ಏಳಲಿಲ್ಲ. ಅವರು ಅಲ್ಲಿ ಕೂತಿರುವತನಕ ಊರವರು ಯಾರೂ ಸೇದುವಂತಿರಲಿಲ್ಲ. ಗೌಡನ ವಾಡೆಯ ಬಾವಿಯಲ್ಲಿ ರಾಡಿ ಬಿಟ್ಟು ಬೇರೆ ಇರಲಿಲ್ಲ. ಮಧ್ಯಾಹ್ನಕ್ಕೆ ಮನೆಮನೆಯ ಹಂಡೆ ಬರಿದಾದವು. ಎಮ್ಮೆಗಳು ಒದರಲು ಹತ್ತಿದವು. ಗೌಡ ಹೇಳಿಕಳಿಸಿದ: ಎದ್ದುಹೋದರೆ ಕೇರಿಗೆ ಬೇರೆ ಬಾವಿ ತೋಡಿಸಿಕೊಡುತ್ತೇನೆ.

"ಬ್ಯಾರೆ ಬಾವಿ ಬ್ಯಾಡ" ಅಂದಳು ದುರ್ಗವ್ವ. ಹುಬ್ಬಿನ ರಕ್ತ ಕೆನ್ನೆಯ ಮೇಲೆ ಒಣಗಿತ್ತು.

ಹೊತ್ತು ವಾಲಿದಾಗ ಮೇಲಿನ ಓಣಿಯಿಂದ ಒಬ್ಬ ಹೆಂಗಸು ಬಂದಳು. ಗುರುಸಿದ್ದವ್ವ. ಗಂಡ ತೀರಿದವಳು, ಮನೆಯಲ್ಲಿ ಹಾಸಿಗೆ ಹಿಡಿದ ಅತ್ತೆ, ಎರಡು ಸಣ್ಣ ಮಕ್ಕಳು. ಸೊಂಟದಲ್ಲಿ ಕೊಡ, ಕೈಯಲ್ಲಿ ಹಗ್ಗ. ಹಿಂದಿನಿಂದ ಯಾರೋ ಹೆಸರು ಹಿಡಿದು ಕೂಗಿದರು, ಜಾತಿಯಿಂದ ಹೊರಗೆ ಹಾಕುತ್ತೇವೆ ಅಂದರು.

"ನಿಮ್ಮ ಜಾತಿ ನನ್ನ ಮಕ್ಕಳಿಗೆ ನೀರು ಕೊಡ್ತೈತೇನು?" ಅಂದಳು ಗುರುಸಿದ್ದವ್ವ. ಹಿಂದೆ ತಿರುಗಲಿಲ್ಲ.

ಕಟ್ಟೆ ಹತ್ತಿದಳು. ದುರ್ಗವ್ವನ ಮುಖ ನೋಡಲಿಲ್ಲ. ಗಡಗಡೆಗೆ ಹಗ್ಗ ಹಾಕಿ ಕೊಡ ಬಿಟ್ಟಳು. ಕೆಳಗೆ ಕೊಡ ಮುಳುಗಿದ ಸಪ್ಪಳ ಕೇಳಿತು. ಗುರುಸಿದ್ದವ್ವ ಒಂದೊಂದೇ ಕೈ ಜಗ್ಗಿ ತುಂಬಿದ ಕೊಡ ಮೇಲೆ ತಂದಳು.

ದುರ್ಗವ್ವ ಕೂತಲ್ಲೇ ಒಂದು ಗೇಣು ಸರಿದು ಆ ಕೊಡ ಇಡಲು ಜಾಗ ಮಾಡಿದಳು.